ಸುಮತಿ ಅಕ್ಕನ ಮಲ್ಲಿಗೆ ಮೊಗ್ಗು

ಎಂತ ಹೇಳುವುದು ಮಾರಾಯ್ರೇ, ಇವತ್ತು ನನಗೆ ಹೊಟ್ಟೆಯೆಲ್ಲ ಉರಿದು ಹೋಯಿತು.

ಮಣಿಪಾಲದ ನನ್ನ ಸ್ಟುಡಿಯೋಕ್ಕೆ ಕಾರ್ಕಳದ ಟೀಚರ್ ಒಬ್ಬರು ಬೂಡ್ವಾರ್ ಫೋಟೋಶೂಟಿಗೆ ಬಂದಿದ್ದರು. ಬೂಡ್ವಾರ್ ಅಂದರೆ ಮಂಚ, ಮಂದ ಬೆಳಕು, ತೆಳು ಗೌನು. ತನಗೋಸ್ಕರವೇ ತೆಗೆಸಿಕೊಳ್ಳುವ ಫೋಟೋ. ಪಾಪ, ಹೆದರಿ ಶಾಲು ಹೊದ್ದುಕೊಂಡೇ ಕೂತರು. ನಾನು ಪರಿಮಳದ ಕ್ಯಾಂಡಲ್ ಹಚ್ಚಿದೆ, ಮೆಲ್ಲಗೆ ಹಾಡು ಹಾಕಿದೆ, "ರಿಲ್ಯಾಕ್ಸ್ ಮೇಡಂ" ಎಂದು ಹತ್ತು ಸಲ ಹೇಳಿದೆ. ಶಾಲು ಇನ್ನೂ ಬಿಗಿಯಾಯಿತು.

ಆಗ ನಮ್ಮ ಮೇಕಪ್ಪಿನವರು, ಕಾಪುವಿನ ಸುಮತಿ ಅಕ್ಕ, ಮಲ್ಲಿಗೆ ಮೊಗ್ಗು, ಬಾಳೆನಾರು ಹಿಡಿದುಕೊಂಡು ಬಂದು ಮಂಚದ ಮೇಲೆಯೇ ಕೂತರು.

"ನಿನ್ನ ಮುಡಿಗೇ ಇದು. ನಾಲ್ಕು ನಾಲ್ಕು ಮೊಗ್ಗು ಜೋಡಿಸಿ ಕೊಡು ಮಗಳೇ, ನನಗೆ ಕಣ್ಣು ಕಾಣುವುದಿಲ್ಲ."

ಐಲೈನರ್ ಎಳೆಯುವಾಗ ಎಲ್ಲ ಕಾಣುತ್ತದೆ ಇವರಿಗೆ!

ಕೈಗೆ ಕೆಲಸ ಸಿಕ್ಕಿದ್ದೇ ತಡ, ಟೀಚರ್ ಶಾಲು ಮರೆತರು. ಇಬ್ಬರೂ ನಗುತ್ತಾ ಮಾತಿಗೆ ಬಿದ್ದರು. ನಾನು ಕ್ಲಿಕ್ಕಿಸುತ್ತಾ ಹೋದೆ.

ಫೋಟೋ ನೋಡಿ ಟೀಚರ್ ಕಣ್ಣು ತುಂಬಿಕೊಂಡು ಅಕ್ಕನನ್ನು ತಬ್ಬಿದರು. ನನ್ನ ಕಡೆ ತಿರುಗಿ, "ನೀವು ಇದನ್ನೆಲ್ಲ ಯಾವಾಗ ತೆಗೆದದ್ದು?" ಎಂದರು. ಹೊರಡುವಾಗ ಇನ್ನೊಂದು: "ನನ್ನ ತಂಗಿಯನ್ನೂ ಕಳಿಸ್ತೇನೆ. ಅಕ್ಕ ಇರುವ ದಿನ ಹೇಳಿ, ಆಯ್ತಾ?"

ಉಳಿದ ಮೊಗ್ಗು ಮನೆಗೆ ತಂದಿದ್ದೇನೆ. ಕಟ್ಟಲು ಕೂತು ಒಂದು ಗಂಟೆಯಾಯಿತು, ನಾರು ಮೂರು ಸಲ ತುಂಡಾಯಿತು. ಅಕ್ಕನಿಗೆ ಮಾತ್ರ ಯಾರೂ ಹೇಳಬೇಡಿ.