ತಟ್ಟಿದ್ದು ಯಾರು

ನಮ್ಮಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಬೆಳಗಿನಿಂದ ಸಂಜೆಯವರೆಗೆ ಆವಿಯಲ್ಲಿ ನಿಂತೇ ಇರಬೇಕು. ಮದುವೆಯಾದಾಗಿನಿಂದ ಆ ಮನೆ ನಡೆದಿರುವುದೇ ಅವಳ ಕಾಲಿನ ಮೇಲೆ. ಭಾವ ಕವಿ. ಪ್ರೆಸ್ಸೊಂದರಲ್ಲಿ ಅರ್ಧ ದಿನ ಕರಡು ತಿದ್ದಿ, ಮಧ್ಯಾಹ್ನ ಮನೆಗೆ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು ಬರೆಯುತ್ತಾರೆ. ಚಿಲಕ ಯಾಕೆ ಅಂದರೆ ಏಕಾಗ್ರತೆಯಂತೆ. ಮಣ್ಣಾಂಗಟ್ಟಿ!

ಸಂಜೆ ಅಕ್ಕ ಮೂರು ಮಹಡಿ ಹತ್ತಿ ಬಂದು ಬಾಗಿಲು ತಟ್ಟುತ್ತಾಳೆ. "ಬಂದೆ ಕಣೇ, ಒಂದೇ ಸಾಲು" ಎಂದು ಒಳಗಿನಿಂದ ಕೇಳಿಸುತ್ತದೆ. ಆ ಸಾಲೋ, ಹನುಮಂತನ ಬಾಲ. ಇವಳು ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಒಂದು ಸಂಜೆ ಮೈ ಕೆಂಡದಂತೆ ಸುಡುತ್ತಿತ್ತು. ಕಾಯಲಾರದೆ ಪಕ್ಕದ ಬೀದಿಯ ನಮ್ಮ ಮನೆಗೆ ಬಂದು ಮಲಗಿಬಿಟ್ಟಳು. ಭಾವ ಕೊನೆಗೂ ಬಾಗಿಲು ತೆಗೆದಾಗ ಮೆಟ್ಟಿಲು ಖಾಲಿ. ಬೀದಿಯೆಲ್ಲ ಹುಡುಕಿ ನಮ್ಮಲ್ಲಿಗೆ ಬಂದರು. ಅವಳ ಹಣೆ ಮುಟ್ಟಿ ನೋಡಿದರು, ವಾಪಸು ಹೋಗಿ ಬರೆಯಲು ಕೂತರು.

ಆ ಕವಿತೆ ಹೆಸರು ಮಾಡಿತು. ಒಳಗೊಬ್ಬ ಬರೆಯುತ್ತ ಕೂತಿದ್ದಾನೆ, ಹೊರಗಿನಿಂದ 'ನೀನು' ತಟ್ಟುತ್ತಿದ್ದೀಯ, ಅವನು ಏಳುವಷ್ಟರಲ್ಲಿ ನೀನಿಲ್ಲ. ಇಷ್ಟೇ. ಮೊನ್ನೆ ಗ್ರಂಥಾಲಯದ ಸಭಾಂಗಣದಲ್ಲಿ ಅದರ ಮೇಲೊಂದು ಭಾಷಣವಿತ್ತು, ನಾವು ಮೂವರೂ ಹೋಗಿದ್ದೆವು. ಕಾಲೇಜಿನ ಮೇಡಂ ಚೆನ್ನಾಗಿಯೇ ಹೇಳಿದರು. ಬೈಬಲ್ಲಿನ ಪ್ರೇಮಗೀತೆಯಲ್ಲಿ ನಲ್ಲ ಬಂದು ಬಾಗಿಲು ತಟ್ಟುತ್ತಾನಂತೆ, ನಲ್ಲೆ ಏಳಲು ತಡಮಾಡುತ್ತಾಳಂತೆ, ತೆಗೆದರೆ ಅವನಿಲ್ಲ. ಆ ನಲ್ಲನನ್ನು ಅನುಭಾವಿಗಳು ದೇವರೆಂದರು, ನಲ್ಲೆಯನ್ನು ಆತ್ಮವೆಂದರು. ನಮ್ಮ ಕವಿಯ ಬಾಗಿಲನ್ನು ತಟ್ಟಿದ್ದೂ ಆ ದೇವರೇ ಎಂದರು.

ಪಕ್ಕದಲ್ಲಿದ್ದ ಹೆಂಗಸು ಅಕ್ಕನ ಕೈ ಹಿಡಿದು, "ದೇವರು ಬಂದುಹೋದ ಮನೆ ನಿಮ್ಮದು, ಪುಣ್ಯವಂತರು ಕಣ್ರೀ" ಅಂದಳು.

ಸಭೆಯಲ್ಲಿ ಯಾವತ್ತೂ ಬಾಯಿ ಬಿಡದ ನಮ್ಮಕ್ಕ ಎದ್ದು ನಿಂತಳು. "ಆವತ್ತು ತಟ್ಟಿದ್ದು ನಾನು. ಜ್ವರ ಇತ್ತು."

ಸಭೆ ಗೊಳ್ಳೆಂದು ನಕ್ಕಿತು. ಮೇಡಂ ಮಾತ್ರ ನಗದೆ ಭಾವನ ಕಡೆ ತಿರುಗಿ, "ಹೌದಾ ಸರ್?" ಎಂದು ಕೇಳಿದರು.

ಅಕ್ಕ ಕೂರಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಒಂದು 'ಹೌದು' ಸಾಕಿತ್ತು ಅವಳಿಗೆ. ಅಷ್ಟು ವರ್ಷ ನಿಂತ ಕಾಲಿಗೆ ಅದೊಂದು ಮಾತು ಸಿಗಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಭಾವ ಕನ್ನಡಕ ಒರೆಸುತ್ತ, "ಕವಿತೇಲಿ ತಟ್ಟಿದ್ದು ಯಾರು ಅಂತ ಕವೀನ ಕೇಳಬಾರದು" ಅಂದರು. ಚಪ್ಪಾಳೆ ಬಿತ್ತು. ಅಕ್ಕ ಕೂತಳು.

ಮರುದಿನ ಕೆಲಸ ಮುಗಿಸಿ ಅವಳು ಮನೆಗೆ ಹೋಗಲೇ ಇಲ್ಲ, ಸೀದಾ ನಮ್ಮಲ್ಲಿಗೆ ಬಂದಳು. "ಸಾಕಾಗಿದೆ ಕಣೇ. ಮೆಟ್ಟಿಲು ಹೇಗೋ ಹತ್ತಬಹುದು, ತಟ್ಟೋಕಾಗಲ್ಲ" ಅಂದಳು.

"ಇರು, ಹುಡುಕ್ಕೊಂಡು ಬರಲಿ. ಮಾಡಿದ್ದುಣ್ಣೋ ಮಹರಾಯ" ಅಂದೆ ನಾನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೀಪ ಹಾಕುವ ಹೊತ್ತಿಗೆ ಭಾವ ಬಂದೇ ಬಂದರು. ಬಾಗಿಲು ತೆರೆದೇ ಇದ್ದರೂ ಹೊಸ್ತಿಲಾಚೆಯೇ ನಿಂತರು. ನಾನೊಬ್ಬಳು ಅಲ್ಲಿದ್ದೇನೆ ಎನ್ನುವುದನ್ನೂ ಲೆಕ್ಕಿಸದೆ, "ತಟ್ಟಿದ್ದು ನೀನೇ ಕಣೇ. ಆ ಕವಿತೆ ಪೂರ್ತಿ ನೀನೇ. ನನಗೆ ಇನ್ಯಾವ ದೇವರು ಗೊತ್ತು?" ಅಂದರು. ಸುಳ್ಳಲ್ಲ ಅದು, ನನ್ನ ಸಿಟ್ಟೂ ಒಂದಿಷ್ಟು ಇಳಿಯಿತು.

ಅಕ್ಕ ಮನೆಗೆ ಹೊರಡಲು ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಬೆಳಿಗ್ಗೆ ಮತ್ತೆ ಕೆಲಸವಿತ್ತು. "ಅದನ್ನ ನಿನ್ನೆ ಸಭೇಲಿ ಹೇಳಬೇಕಿತ್ತು" ಅಂದಳು.

"ನಾಳೇನೇ ಅಲ್ಲಿಗೆ ಹೋಗಿ ಹೇಳ್ತೀನಿ."

"ನಾಳೆ ಅಲ್ಲಿ ಯಾರಿರ್ತಾರ್ರೀ, ಕುರ್ಚಿ ಬಿಟ್ರೆ?"