ಮಾಸ್ತರರ ದನಿಯಲ್ಲಿ ಬಂದ ಕರೆ

ಮೊನ್ನೆ ಐರೋಲಿ ಸ್ಟೇಷನ್ನಿನಲ್ಲಿ ಪಕ್ಕ ನಿಂತಿದ್ದವರ ಬಾಯಿಂದ ಲವಂಗದ ವಾಸನೆ ಬಂತು. ತಿರುಗಿ ನೋಡಿದೆ. ಯಾರೋ ಅಪರಿಚಿತರು...

ಡೊಂಬಿವ್ಲಿಯಲ್ಲಿ ನಮ್ಮ ಮೇಲಿನ ಮಾಳಿಗೆಯಲ್ಲಿದ್ದ ಮಾಸ್ತರರು ದವಡೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದರು. ದನಿಗೆ ಒಳ್ಳೆಯದಂತೆ. ಉಡುಪಿ ಕಡೆಯವರು, ಕನ್ನಡ ಶಾಲೆಯಲ್ಲಿ ನನಗೂ ಪಾಠ ಹೇಳಿದವರು. ಫೋನಿನಲ್ಲಿ ಶಿಷ್ಯರಿಗೂ ‘ನಮಸ್ಕಾರ’ ಎಂದೇ ಮಾತು ಶುರು ಮಾಡುತ್ತಿದ್ದರು.

ಒಂದು ವರ್ಷ ಬಿಲ್ಡರ್ ಕಂಪನಿಯ ಜಾಹೀರಾತಿನವರು ಅವರನ್ನು ಠಾಣೆಯ ಸ್ಟುಡಿಯೋಗೆ ಕರೆದೊಯ್ದರು. ಕನ್ನಡದ ಗಿರಾಕಿಗಳಿಗೆ ಫೋನಿನಲ್ಲಿ ಹಬ್ಬದ ಶುಭಾಶಯ ಹೇಳಬೇಕಂತೆ. ನಾಲ್ಕು ಸಾಲು ಓದಿಸಿದರು. ಆಮೇಲೆ ಪುಟಗಟ್ಟಲೆ ಬರೀ ಹೆಸರುಗಳು, ಶುಭಾಶಯಕ್ಕೆ ಜೋಡಿಸಲಿಕ್ಕಂತೆ. ಮಾಸ್ತರರು ಹಿಗ್ಗಿನಿಂದ ಮರಳಿದ್ದರು.

ಹಬ್ಬಕ್ಕೆ ಯಾವ ಕರೆಯೂ ಬರಲಿಲ್ಲ. ಬಂದದ್ದು ಚುನಾವಣೆಗೆ. ಮಾಸ್ತರರು ನಮ್ಮಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಕೇಳಿ ದಂಗಾಗಿ ಸ್ಪೀಕರ್ ಒತ್ತಿದೆ.

“ನಮಸ್ಕಾರ ಸುರೇಶ್. ನಾನು ನಿಮ್ಮವನೇ. ನಿಮ್ಮ ವಿಶ್ವಾಸ ನಮ್ಮ ಮೇಲಿರಲಿ.”

ಅದರ ಬೆನ್ನಿಗೆ ಬೇರೊಂದು ದನಿ, ಆ ಬಿಲ್ಡರನ ದುಡ್ಡಿನಲ್ಲಿ ಊರೆಲ್ಲ ಬ್ಯಾನರ್ ಕಟ್ಟಿಸಿದ್ದ ಅಭ್ಯರ್ಥಿಯ ಹೆಸರು ಹೇಳಿತು. ನನ್ನೆದುರು ಮಾಸ್ತರರು ಬಾಯಿ ಮುಚ್ಚಿಕೊಂಡು ಕೂತಿದ್ದರು.

“ನಾನು ಹೇಳಿದ್ದಲ್ಲ ಮಾರಾಯ,” ಅಂದರು. ಚಹಾದ ಲೋಟ ಕೆಳಗಿಟ್ಟು, “ಹೇಳಿದ್ದು ನಾನೇ... ಆದ್ರೆ ಇದಕ್ಕಲ್ಲ.”

ಇಬ್ಬರೂ ಕಂಪನಿಯ ಆಫೀಸಿಗೆ ಹೋದೆವು. “ಸರ್, ಸೈನ್ ತೋ ಆಪ್ ನೇ ಕಿಯಾ ಹೈ,” ಎಂದು ಹುಡುಗಿ ಕಾಗದ ತೋರಿಸಿದಳು. ಸಹಿ ಅವರದೇ.

ಕರೆಗಳು ದಿನಕ್ಕೆ ನಾಲ್ಕೈದು ಸಲ ಬರತೊಡಗಿದವು. ಎದುರುಮನೆಯ ಕಲಬುರಗಿಯ ಅಕ್ಕ ಮೆಟ್ಟಿಲ ಮೇಲೆ ಅವರನ್ನು ತಡೆದು, “ಎಷ್ಟ್ ಸಲ ಫೋನ್ ಮಾಡ್ತೀರಿ ಮಾಸ್ತರ್ರ, ಹಾಕ್ತೀವಿ ಬಿಡ್ರಿ ಓಟು,” ಅಂದಳು. ಅಂದಿನಿಂದ ಅವರ ಮಾತೇ ಕಡಿಮೆಯಾಯಿತು. ಆ ದನಿ ಕೇಳಿದರೆ ಫೋನ್ ಇಟ್ಟುಬಿಡುವುದು ಎಲ್ಲರಿಗೂ ರೂಢಿಯಾಯಿತು... ನನಗೂ.

ಮತದಾನದ ಹಿಂದಿನ ಭಾನುವಾರ ಮಧ್ಯಾಹ್ನ ಫೋನ್ ಬಂತು. “ನಮಸ್ಕಾರ ಸುರೇಶ್...” ಇಟ್ಟುಬಿಟ್ಟೆ.

ಸಂಜೆ ಮತ್ತೆ ಹೊಡೆದುಕೊಂಡಾಗ ಆ ಕಡೆ ಮಾಸ್ತರರ ಹೆಂಡತಿ ಅಳುತ್ತಿದ್ದರು. ಕಲ್ಯಾಣಕ್ಕೆ ಹೋಗಿದ್ದವರು ಬಂದು ನೋಡಿದರೆ ಮಾಸ್ತರರು ಫೋನಿನ ಪಕ್ಕ ಬಿದ್ದಿದ್ದರಂತೆ. ಗಾಬರಿಯಲ್ಲಿ ಆಕೆ ರೀಡಯಲ್ ಒತ್ತಿದ್ದಾರೆ. ಮಾಸ್ತರರು ಕಡೆಗೆ ಒತ್ತಿದ್ದ ನಂಬರು ನಮ್ಮ ಮನೆಯದು. ನಾನು ಮೇಲೆ ಓಡುವಷ್ಟರಲ್ಲಿ ಅವರ ಮೈ ತಣ್ಣಗಾಗಿತ್ತು.

ಮರುದಿನ, ಅವರನ್ನು ಒಯ್ಯುವ ಮೊದಲೇ, ಮತ್ತೆ ಫೋನ್ ಬಂತು. ನಮಸ್ಕಾರ ಸುರೇಶ್ ಎಂದರು ಮಾಸ್ತರರು. ಆ ಸಲ ಪೂರ್ತಿ ಕೇಳಿದೆ.

ಮಾಸ್ತರರ ಹೆಂಡತಿ ಈಗ ಐರೋಲಿಯಲ್ಲಿ ಮಗಳ ಜೊತೆಗಿದ್ದಾರೆ. ಮೊನ್ನೆ ಹೊರಟಿದ್ದು ಅಲ್ಲಿಗೇ. ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ: “ಕಡೆಗೆ ಮಾತಾಡಿದ್ದು ನಿನ್ಹತ್ರ ಅಲ್ವಾ. ಎಂತ ಹೇಳಿದ್ರು?”

“ಒಮ್ಮೆ ಮೇಲೆ ಬಂದು ಹೋಗು ಅಂದ್ರು, ಅಮ್ಮಾ,” ಎಂದೆ ಮೊನ್ನೆಯೂ.

“ಮತ್ತೆ ನೀನು ಯಾಕೆ ಬರ್ಲಿಲ್ಲ?” ಎಂದು ಅವರು ಈವರೆಗೆ ಕೇಳಿಲ್ಲ.