ಅತ್ತೆ ಆಡದ ಮಾತು

ಹೋದ ತಿಂಗಳು ಬೇಲೂರಿನಲ್ಲಿ ನಮ್ಮತ್ತೆಯ ತಮ್ಮನ ಹೊಸ ಮನೆಯ ಗೃಹಪ್ರವೇಶ. ಅತ್ತೆ, ನಾನು ಅಕ್ಕಪಕ್ಕ ಊಟಕ್ಕೆ ಕೂತಿದ್ದೆವು. ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಹಿಂದೆಯೇ ನನ್ನ ಬ್ಲಾಗೂ ಬಂತು.

ತಮಾಷೆಯಲ್ಲ. ಆ ಮನೆಯ ಸೊಸೆ ಸೈಬರ್ ಸೆಂಟರಿಗೆ ಹೋಗಿ ನನ್ನ ಬರಹವೊಂದನ್ನು ಪ್ರಿಂಟ್ ತೆಗೆಸಿ ತಂದಿದ್ದಳು. (ಪ್ರೀತಿಯಿಂದಲೇ. ಪಾಪ, ಆಕೆ ನನ್ನ ಅಭಿಮಾನಿ.) ಎರಡು ಹಾಳೆ. ಎಡಗೈಯಿಂದ ಎಡಗೈಗೆ ದಾಟುತ್ತಾ, ಅಂಚಿಗೆ ಸಾರಿನ ಕಲೆ ಹತ್ತಿಸಿಕೊಂಡು ಅತ್ತೆಯ ಕೈಗೆ ಬಂತು. ಅವರು ಕನ್ನಡಕ ಏರಿಸಿ ನಿಧಾನವಾಗಿ, ಪೂರ್ತಿ ಓದಿದರು. ಹಾಳೆ ಮಡಿಚಿ ಪಕ್ಕಕ್ಕಿಟ್ಟರು. ಹೋಳಿಗೆ ಮುಟ್ಟಲಿಲ್ಲ.

ನನಗೊಂದು ಬ್ಲಾಗಿದೆ ಅನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಗೊತ್ತಾಗುವವರೆಗೂ ನಾನು ಬಿಡಬೇಕಲ್ಲ! ಈ ಅಂಕಣದಲ್ಲಾದರೆ ಸಂಪಾದಕರು ಕತ್ತರಿ ಹಿಡಿದು ಕೂತಿರುತ್ತಾರೆ. ಬ್ಲಾಗಿನಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ಅರಸೀಕೆರೆಯ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಮಗಳ ಹಲ್ಲು ಬಿದ್ದದ್ದು, ಯಜಮಾನರು ಉಪ್ಪು ಹಾಕದೆ ಉಪ್ಪಿಟ್ಟು ಮಾಡಿದ್ದು, ಅತ್ತೆಯ ಪೂಜೆ, ಎಲ್ಲವನ್ನೂ ಬರೆಯುತ್ತೇನೆ. ಮಂಡ್ಯದಿಂದ, ಮಸ್ಕತ್ತಿನಿಂದ ಕಾಮೆಂಟು ಬರುತ್ತವೆ. ಖುಷಿಯಾಗದೆ ಇರುತ್ತದೆಯೇ?

ಅವತ್ತು ಪಂಕ್ತಿಯಲ್ಲಿ ಬಂದ ಬರಹ ಯಾವುದು ಅಂತ ಹೇಳಿಬಿಡುತ್ತೇನೆ. ನಮ್ಮದು ಲಿಂಗ ಧರಿಸುವ ಮನೆತನ. ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಕಾಫಿ ಕೂಡ ಕುಡಿಯುವುದಿಲ್ಲ. ಈ ಬೇಸಿಗೆಯಲ್ಲಿ ಒಂದು ದಿನ ಕೊಬ್ಬರಿಗೆಂದು ಅಟ್ಟದಲ್ಲಿ ಹಾಕಿದ್ದ ತೆಂಗಿನಕಾಯಿ ನೋಡಲು ಹತ್ತಿದ್ದರು. ಕರಡಿಗೆ ಕಟ್ಟಿದ್ದ ದಾರ ಸವೆದಿತ್ತೋ ಏನೋ, ಕಳಚಿ ಕಾಯಿಗಳ ನಡುವೆ ಬಿದ್ದುಹೋಯಿತು. ಸಾವಿರಾರು ಕಾಯಿ! ಎಲ್ಲಿ ಅಂತ ಹುಡುಕುತ್ತೀರಿ? ಯಜಮಾನರು, ನಾನು, ಅತ್ತೆ ಮೂವರೂ ಒಂದೊಂದೇ ಕಾಯಿ ಎತ್ತಿ ಪಕ್ಕಕ್ಕೆ ಹಾಕುತ್ತಾ ಹೋದೆವು. ಕೊನೆಗೆ ದೀಪ ಹಚ್ಚುವ ಹೊತ್ತಿಗೆ ಸಿಕ್ಕಿತು.

ಲಿಂಗ ಕಳೆಯುವುದೆಂದರೆ ಕೊಡೆ ಕಳೆದ ಹಾಗಲ್ಲ. ಅದು ಮೈಮೇಲಿಲ್ಲದೆ ಒಂದು ತುತ್ತೂ ಬಾಯಿಗಿಡುವ ಹಾಗಿಲ್ಲ. ಅದು ಮನೆಯೊಳಗಿನ ಮಾತು. ಹೇಳಿದರೆ ಮಠದ ಗುರುಗಳ ಮುಂದೆ ಹೇಳಬೇಕು, ಊರ ಮುಂದೆ ಅಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಎಂಥಾ ಪೋಸ್ಟ್ ಆಗುತ್ತೆ ಅನ್ನುವ ಆಸೆ ಬಿಡಬೇಕಲ್ಲ. ಬರೆದೇ ಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಅದೂ ಇಲ್ಲ. ಅವತ್ತು ಅತ್ತೆ ಅಂದಿದ್ದು, ನೀವು ಉಣ್ಣಿ, ನನಗೆ ಬೇಡ, ಅಂತ ಇಷ್ಟೇ. ಇದನ್ನು ಓದಿ ಯಾರು ಅಳುತ್ತಾರೆ? ಹಾಗಾಗಿ "ಅತ್ತೆ ಒಂದು ತೊಟ್ಟು ನೀರೂ ಮುಟ್ಟಲಿಲ್ಲ, ಲಿಂಗ ಸಿಗದಿದ್ದರೆ ಪ್ರಾಣ ಬಿಡುತ್ತೇನೆ ಎಂದರು" ಅಂತ ಸೇರಿಸಿದೆ. ಪ್ರಾಣದ ಮಾತು ಪೂರಾ ನನ್ನದು. ನಲವತ್ತಮೂರು ಜನ ಕಾಮೆಂಟು ಹಾಕಿದರು. ಕಣ್ಣಲ್ಲಿ ನೀರು ಬಂತು ಮೇಡಂ, ಅಂದವರೇ ಹೆಚ್ಚು.

ಬೇಲೂರಿನಲ್ಲಿ ಯಾರೂ ಅಳಲಿಲ್ಲ. ಕೈ ತೊಳೆಯುವಲ್ಲಿ ಅತ್ತೆಯ ಅತ್ತಿಗೆ ಎಲ್ಲರೆದುರಿಗೇ, ಲಿಂಗ ಕಳ್ಕೊಂಡೂ ಗಟ್ಟಿಮುಟ್ಟಾಗೇ ಇದೀಯಲ್ಲೇ ಗೌರಮ್ಮ, ಅಂತ ನಕ್ಕರು. ಸುತ್ತಲಿದ್ದವರೂ ನಕ್ಕರು. ಅತ್ತೆ ತಲೆ ತಗ್ಗಿಸಿ ಕೈ ತೊಳೆದುಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ವಾಪಸ್ ಬರುವ ಬಸ್ಸಿಗೆ ಹಳೇಬೀಡಿನಲ್ಲಿ ಟೂರಿಸ್ಟುಗಳ ಗುಂಪೊಂದು ಹತ್ತಿ ಸೀಟಿಗಾಗಿ ಗಲಾಟೆ ಮಾಡುತ್ತಿದ್ದಾಗ ಅತ್ತೆ ನನ್ನ ಕಡೆ ತಿರುಗಿದರು.

"ನಾನ್ ಯಾವಾಗ ಅಂದೆ ಹಂಗೆ?"

ಬರಹಕ್ಕೆ ಒಂಚೂರು ಬೇಕಾಗುತ್ತೆ ಅತ್ತೆ, ಅಂದೆ. (ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.) ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಜಾವಗಲ್ಲು ದಾಟಿತು, ಅರಸೀಕೆರೆ ಬಂತು.

ಬೈದಿದ್ದರೆ ಎಷ್ಟೋ ವಾಸಿ. ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಪೂಜೆಗೆ ಕೂರುವಾಗ ಕೋಣೆಯ ಬಾಗಿಲು ಹಾಕಿಕೊಂಡರು. ನಾನು ಈ ಮನೆಗೆ ಬಂದಾಗಿನಿಂದ ಅವರ ಪೂಜೆ ನನ್ನ ಕಣ್ಣೆದುರೇ ನಡೆದಿದೆ. ನಾನು ಹೂವು ಕೊಟ್ಟಿದ್ದೇನೆ, ವಿಭೂತಿ ಕೊಟ್ಟಿದ್ದೇನೆ. ಈಗ ನೋಡಿದರೆ ಮತ್ತೆಲ್ಲಿ ಬರೆದಾಳೋ ಅನ್ನುವ ಭಯ ಅವರಿಗೆ. ಬಾಗಿಲ ಹೊರಗೆ ಹೂವಿನ ಬುಟ್ಟಿ ಹಿಡಿದುಕೊಂಡು ನಿಂತವಳಿಗೆ ಅಳು ಬಂತು. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ, ಬ್ಲಾಗೇ ಬೇಡ, ಅಳಿಸಿಬಿಡುತ್ತೇನೆ ಅಂತ ಕೂತೆ. ಆ ಪೋಸ್ಟಿಗೆ ಇನ್ನೊಂದು ಕಾಮೆಂಟು ಬಂದಿತ್ತು. ಹೆಸರಿಲ್ಲ. ಅರೇಹಳ್ಳಿ ಕಡೆಯವಳು ಅಂತ ಮಾತ್ರ ಇತ್ತು.

"ನನ್ನ ಲಿಂಗ ಕಳೆದು ಆರು ವರ್ಷವಾಯಿತು. ಖಾಲಿ ಕರಡಿಗೆ ಕಟ್ಟಿಕೊಂಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಅತ್ತೆ ಪ್ರಾಣ ಬಿಡಲೂ ತಯಾರಿದ್ದರು. ನಾನು ಅವತ್ತು ಎರಡು ಹೊತ್ತೂ ಊಟ ಮಾಡಿದೆ. ನನ್ನಂಥವಳು ಮಠಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ?"

ನಾನು ರುಚಿಗೆಂದು ಹಾಕಿದ ಒಂದು ವಾಕ್ಯ, ಯಾರೋ ಹೆಂಗಸನ್ನು ಒಳಗೊಳಗೇ ಸುಡುತ್ತಿತ್ತು. ಕಾಮೆಂಟನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ, ಮುಚ್ಚಿದ ಬಾಗಿಲ ಈಚೆಯಿಂದಲೇ ಓದಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನೇರ ಕಂಪ್ಯೂಟರ್ ಹತ್ತಿರ ಹೋಗಿ ಸ್ಟೂಲು ಎಳೆದು ಕೂತರು.

"ಪ್ರಾಣ ಬಿಡೋ ಮಾತು ನಾನ್ ಆಡಿಲ್ಲ ಅಂತ ಬರಿ. ಮೊದ್ಲು ಅದ್ನ ಬರಿ."

ಬರೆದೆ. ಸುಳ್ಳು ನನ್ನದು ಅಂತಲೂ ಬರೆದೆ. ಬೇಲೂರಿನವರ ಬಾಯಿ ಮುಚ್ಚಿಸಲು ಇಷ್ಟೇ ಸಾಕಿತ್ತು, ಅತ್ತೆಯ ಮರ್ಯಾದೆ ವಾಪಸ್ ಬರುತ್ತಿತ್ತು. ಆದರೆ ಅವರು ಏಳಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಅವತ್ತು ಅಟ್ಟದ್ ಮೇಲೆ ತಲೆ ಸುತ್ಕೊಂಡ್ ಬಂತು. ನೀವಿಬ್ರೂ ಆ ಕಡೆ ತಿರ್ಗಿದ್ರಿ. ಮೂಲೇಲಿ ಹಳೇ ಚೀಲ ಇತ್ತಲ್ಲ, ಅದ್ರಿಂದ ಒಂದ್ ಚೂರು ಕೊಬ್ಬರಿ ತಗಂಡು ಬಾಯಿಗ್ ಹಾಕ್ಕಂಡೆ. ಅದ್ನೂ ಬರಿ."

ಇದು ನನಗೂ ಗೊತ್ತಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ. ಅತ್ತೆ, ಬೇಲೂರಿನವರೂ ಓದುತ್ತಾರೆ, ಅಂದೆ.

"ಓದ್ಲಿ ಬಿಡು. ಅವ್ಳೂ ಓದ್ತಾಳಲ್ಲ."

ಹೇಳಿದ್ದು ಹೇಳಿದ ಹಾಗೆಯೇ ಹಾಕಿದೆ. ಕೊನೆಗೆ, ನಮ್ಮ ಮಠಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ, ಹೆದರಬೇಡ, ಬಾ, ಅಂತಲೂ ಬರೆಸಿದರು. ಮಾರನೆಯ ದಿನ ಪೂಜೆಗೆ ಕೂತಾಗ ಬಾಗಿಲು ತೆರೆದೇ ಇತ್ತು. ಹೂವು ಎಲ್ಲಿ, ಎಷ್ಟೊತ್ತು ನಿನಗೆ, ಅಂತ ಒಳಗಿಂದ ಗದರಿದರು. ಆ ಗದರಿಕೆ ಕೇಳಿ ನನಗಾದ ಸಂತೋಷವನ್ನು ಯಾವ ಪೋಸ್ಟಿನಲ್ಲೂ ಬರೆಯಲಾರೆ.

ನಾವು ಬರೆಯುವವರು ನಮ್ಮ ಮನೆಯವರ ಭಕ್ತಿಗೆ ಯಾಕೆ ಇಷ್ಟು ಬಣ್ಣ ಹಚ್ಚುತ್ತೇವೆ? ಇದ್ದ ಹಾಗೆ ಇದ್ದರೆ ಸಾಲದೇ? ನನ್ನ ಸುಳ್ಳಿನಿಂದ ಅತ್ತೆಗೆ ಅವಮಾನವಾಯಿತು. ಅದನ್ನು ತೊಳೆದುಕೊಳ್ಳುವ ದಾರಿ ಕೈಯಲ್ಲೇ ಇದ್ದರೂ, ಕಂಡು ಕೇಳದ ಒಬ್ಬ ಹೆಣ್ಣಿಗಾಗಿ ಅವರು ಇನ್ನಷ್ಟು ಅವಮಾನ ತಾವಾಗಿ ಹೊತ್ತರು. ಇಂಥವರ ಸೊಸೆಯಾಗಲು ನಾನು ಏನು ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. ಬ್ಲಾಗಿಗೂ ಒಂದು ಥ್ಯಾಂಕ್ಸ್ ಹೇಳಲೇಬೇಕು. ಅದಿಲ್ಲದಿದ್ದರೆ ಅರೇಹಳ್ಳಿಯ ಗುಟ್ಟು ಅರಸೀಕೆರೆಗೆ ಹೇಗೆ ತಲುಪುತ್ತಿತ್ತು?

ಅರೇಹಳ್ಳಿಯಾಕೆ ಬಂದರು. ಭಾನುವಾರ, ಬೇಲೂರಿನಲ್ಲಿ ಬಸ್ಸು ಬದಲಿಸಿಕೊಂಡು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಮಠದಲ್ಲಿ ಸ್ವಾಮಿಗಳು ಎಲ್ಲ ಕೇಳಿಸಿಕೊಂಡರು. ಒಂದು ಮಾತೂ ಬೈಯಲಿಲ್ಲ. ಹೊಸ ಲಿಂಗ ಕಟ್ಟಿದರು. ಆಕೆ ಅತ್ತೆಯ ಕೈ ಹಿಡಿದುಕೊಂಡು ಜೋರಾಗಿ ಅತ್ತರು. ಅತ್ತೆಯೂ ಅತ್ತರು. ನಾನಂತೂ ಸರಿಯೇ ಸರಿ.

ಮನೆಯಲ್ಲಿ ಊಟ ಮುಗಿಸಿ ಸಂಜೆ ಬಸ್ ಹತ್ತಿಸಲು ಹೋದೆ. ಬರೆಯುವವಳ ಚಪಲ ನೋಡಿ, ನನ್ನ ಮೊದಲ ಪೋಸ್ಟ್ ನಿಮಗೆ ಹೇಗನ್ನಿಸಿತು ಅಂತ ಕೇಳಿಯೇ ಬಿಟ್ಟೆ.

"ಅದನ್ನ ಓದಿ ತುಂಬಾ ಅತ್ತುಬಿಟ್ಟೆ ಅಕ್ಕಾ. ಆದ್ರೆ ಮನೆ ಬಿಟ್ಟು ಹೊರಟಿದ್ದು ಆ ಕೊಬ್ಬರಿ ಚೂರು ಓದಿದ ಮೇಲೇನೇ."